ಜೋಜಿಲಾದ ಸ್ಟುವರ್ಟ್: ಪೆಟ್ಟಿಗೆಯ ಮೇಲೆ ಎಂ3, ಬೇಕಾಗಿದ್ದು ಎಂ5ಎ1

ಪ್ರಕರಣ ಇಷ್ಟು. ತೀರ್ಥಹಳ್ಳಿಯ ನನ್ನ ಗೆಳೆಯನ ಅಪ್ಪಯ್ಯ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಗೆ ದಾರಿ, ಸೇತುವೆ ಮಾಡಿಕೊಡುವ ಇಂಜಿನಿಯರ್ ದಳದಲ್ಲಿ, ಇದ್ದು ನಿವೃತ್ತರಾದವರು. ಅವರು ಸೇನೆ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಆದರೆ ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಸೆಂಟರ್‌ನಲ್ಲಿ ಹಿರಿಯರಿಂದ ಕೇಳಿದ 1948ರ ಜೋಜಿಲಾ ಕತೆ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಟ್ಯಾಂಕ್ ಹತ್ತಲಿಕ್ಕೆ ದಾರಿ ಮಾಡಿದ್ದು ನಮ್ಮವರು ಅಂತ ಈಗಲೂ ಹೇಳುತ್ತಾರೆ. ಆ ಟ್ಯಾಂಕಿನ 1/35 ಅಳತೆಯ ಮಾಡೆಲ್ ಕಟ್ಟಿ ಅವರಿಗೆ ಕೊಡಬೇಕು ಅಂತ ಗೆಳೆಯನ ಆಸೆ. ಬಿಡಿಭಾಗ ಜೋಡಿಸಿ ಕಟ್ಟುವ ಕಿಟ್ ತಂದೂ ಆಗಿತ್ತು. ಪೆಟ್ಟಿಗೆಯ ಮೇಲೆ ಎಂ3 ಸ್ಟುವರ್ಟ್ ಅಂತ ಬರೆದಿತ್ತು. ಶಿವಮೊಗ್ಗಕ್ಕೆ ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟ.

"ಜೋಜಿಲಾಕ್ಕೆ ಹೋಗಿದ್ದು ಇದೇ ಸ್ಟುವರ್ಟಾ?" ಅಂತ ಕೇಳಿದೆ.

"ಎಂತ ಮಾರಾಯ, ಸ್ಟುವರ್ಟ್ ಅಂದ್ರೆ ಸ್ಟುವರ್ಟೇ ಅಲ್ವಾ?" ಅಂದ.

ಆ ಪ್ರಶ್ನೆಗೆ ಉತ್ತರ ಹುಡುಕಿದ ಕತೆ ಇದು. ಮೊದಲ ಸಲ ಒಂದು ನಿರ್ದಿಷ್ಟ ಟ್ಯಾಂಕನ್ನು, ನಿರ್ದಿಷ್ಟ ದಿನದ ರೂಪದಲ್ಲಿ ಕಟ್ಟಬೇಕು ಅನ್ನುವವರಿಗೆ ಇದು ಉಪಯೋಗಕ್ಕೆ ಬರಬೇಕು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಘಟನೆ ಏನು ಅಂತ ನೋಡೋಣ. 1948ರಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದ ಹೊತ್ತಿಗೆ, ಲಡಾಖಿನ ದಾರಿ ಜೋಜಿಲಾ ಕಣಿವೆಯಲ್ಲಿ ಕಟ್ಟಿಹೋಗಿತ್ತು. ಕಣಿವೆಯ ಎತ್ತರ 11,500 ಅಡಿಗೂ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ಮಾಡಿದ ದಾಳಿ ಫಲಿಸಲಿಲ್ಲ. ಆಗ ಡಿವಿಜನ್ ಕಮಾಂಡರ್ ಆಗಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಟ್ಯಾಂಕುಗಳನ್ನೇ ಮೇಲೆ ಹತ್ತಿಸೋಣ ಅಂತ ತೀರ್ಮಾನವಾಯಿತು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ' ಅವರ ಟ್ಯಾಂಕ್ ರೆಜಿಮೆಂಟ್ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳನ್ನು ಜಮ್ಮು ಕಡೆಯಿಂದ ಶ್ರೀನಗರಕ್ಕೆ, ಅಲ್ಲಿಂದ ಸೋನಾಮಾರ್ಗ್ ದಾಟಿ ಬಾಲ್ತಾಲ್‌ಗೆ ಗುಟ್ಟಾಗಿ ತಂದರು. ಶತ್ರುವಿಗೆ ಸುಳಿವು ಸಿಗಬಾರದು ಅಂತ ಟರೆಟ್‌ಗಳನ್ನು, ಅಂದರೆ ತೋಪು ಹೊತ್ತು ತಿರುಗುವ ಮೇಲಿನ ಭಾಗಗಳನ್ನು, ಬಿಚ್ಚಿ ಬೇರೆಯಾಗಿ ಸಾಗಿಸಿದರು. ದಾರಿಯ ಸೇತುವೆಗಳನ್ನು ಬಲಪಡಿಸಬೇಕಾಯಿತು. ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆ ದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು, ಹಿಮದ ನಡುವೆ, ಟ್ಯಾಂಕುಗಳು ಕಣಿವೆ ದಾಟಿ ಆಚೆಗಿನ ಗುಮ್ರಿ ಬಯಲಿಗೆ ಇಳಿದವು. ಆ ತಿಂಗಳು ಮುಗಿಯುವ ಮೊದಲು ದ್ರಾಸ್, ಕಾರ್ಗಿಲ್ ಎರಡೂ ಮರಳಿ ಸಿಕ್ಕಿದವು.

ಈ ಕತೆ ಕೇಳಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದಕ್ಕೇ, ಇಂಥದ್ದನ್ನು ಕಟ್ಟುವಾಗ ಸುಮ್ನೆ ಯಾವುದೋ ಸ್ಟುವರ್ಟ್ ಇಟ್ಟುಬಿಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಕೊಡೋದು ಒಬ್ಬ ಹಳೆಯ ಸ್ಯಾಪರ್‌ಗೆ. ಅವರ ಕಣ್ಣು ಮೊದಲು ಹೋಗೋದು ವಿವರಕ್ಕೇ.

ಈಗ ಟ್ಯಾಂಕಿನ ವಿಷಯ. ಸ್ಟುವರ್ಟ್ ಅನ್ನೋದು ಒಂದು ಟ್ಯಾಂಕಿನ ಹೆಸರಲ್ಲ, ಒಂದು ಇಡೀ ಕುಟುಂಬದ ಹೆಸರು. ಇದರ ಹಿಂದಿನ ತಲೆಮಾರು ಅಮೆರಿಕದ ಎಂ2ಎ4. ಅದರಲ್ಲಿ ಹಿಂದಿನ ಐಡ್ಲರ್ ಚಕ್ರ, ಅಂದರೆ ಟ್ರ್ಯಾಕ್ ಪಟ್ಟಿ ಸುತ್ತಿ ತಿರುಗುವ ಕೊನೆಯ ಚಕ್ರ, ನೆಲದಿಂದ ಮೇಲೆ ಇರುತ್ತದೆ. 1941ರ ಮಾರ್ಚ್‌ನಲ್ಲಿ ಎಂ3 ತಯಾರಿ ಶುರುವಾದಾಗ ಆ ಚಕ್ರವನ್ನು ನೆಲಕ್ಕೆ ಇಳಿಸಿದರು, ಭಾರ ಹರಡಲಿ ಅಂತ. ಎಂ3ರ ಇಂಜಿನ್ ವಿಮಾನದ್ದು, ಏಳು ಸಿಲಿಂಡರ್ ಸುತ್ತಲೂ ಜೋಡಿಸಿದ ಕಾಂಟಿನೆಂಟಲ್ ರೇಡಿಯಲ್. ಕೆಲವಕ್ಕೆ ಗಿಬರ್‌ಸನ್ ಡೀಸೆಲ್ ಹಾಕಿದರು. ಟರೆಟ್ ಮೊದಲು ರಿವೆಟ್ ಹೊಡೆದದ್ದು, ಆಮೇಲೆ ವೆಲ್ಡಿಂಗ್ ಮಾಡಿದ್ದು, ಆಮೇಲೆ ದುಂಡಗಿನದು. ಎಂ3ಎ1ರಲ್ಲಿ ಟರೆಟ್ ಮೇಲಿನ ಕಮಾಂಡರ್ ಗುಮ್ಮಟ ಹೋಯಿತು, ಒಳಗೆ ಟರೆಟ್ ಜೊತೆಗೇ ತಿರುಗುವ ಬುಟ್ಟಿ ಬಂತು.

ಯುದ್ಧ ಜೋರಾದಾಗ ರೇಡಿಯಲ್ ಇಂಜಿನ್‌ಗಳು ವಿಮಾನಗಳಿಗೇ ಬೇಕಾದವು. ಆಗ ಕ್ಯಾಡಿಲಾಕ್ ಕಂಪನಿ ತನ್ನ ಕಾರಿನ ವಿ8 ಇಂಜಿನ್ ಎರಡನ್ನು ಜೋಡಿಸಿ, ಹೈಡ್ರಾಮ್ಯಾಟಿಕ್ ಆಟೋಮ್ಯಾಟಿಕ್ ಗೇರ್ ಕೊಟ್ಟು, ಎಂ5 ಮಾಡಿತು. ಇದು 1942ರಲ್ಲಿ. ಎಂ5 ಆದದ್ದು 2,074. ಅದಕ್ಕೆ ಹಿಂಬದಿಯಲ್ಲಿ ರೇಡಿಯೋ ಇಡುವ ಉಬ್ಬಿನ ದೊಡ್ಡ ಟರೆಟ್ ಕೂರಿಸಿದ್ದು ಎಂ5ಎ1, ಅದು 6,810. ಅದೇ ಥರದ ಟರೆಟ್ ಇರುವ, ಆದರೆ ರೇಡಿಯಲ್ ಇಂಜಿನ್ನೇ ಉಳಿಸಿಕೊಂಡ ಇನ್ನೊಂದು ಇದೆ, ಎಂ3ಎ3. ಜಾಸ್ತಿ ಗೊಂದಲ ಆಗೋದು ಈ ಎರಡರ ನಡುವೆ.

ಬ್ರಿಟಿಷರ ಲೆಕ್ಕ ಬೇರೆ. ಎಂ3 ಅವರಿಗೆ ಸ್ಟುವರ್ಟ್ 1, ಡೀಸೆಲ್ ಎಂ3 ಸ್ಟುವರ್ಟ್ 2. ಎಂ3ಎ1 ಸ್ಟುವರ್ಟ್ 3, ಅದರ ಡೀಸೆಲ್ 4. ಎಂ3ಎ3 ಸ್ಟುವರ್ಟ್ 5. ಎಂ5, ಎಂ5ಎ1 ಎರಡೂ ಸೇರಿ ಸ್ಟುವರ್ಟ್ 6. ಆಗಿನ ಭಾರತೀಯ ಸೇನೆ ಬ್ರಿಟಿಷರ ಹೆಸರುಗಳನ್ನೇ ಬಳಸುತ್ತಿತ್ತು. ಈ ಪಟ್ಟಿ ಗೊತ್ತಿಲ್ಲದೆ ಹಳೆಯ ಬರಹ ಓದಿದರೆ ತಲೆ ಕೆಡುತ್ತದೆ. ಗೊತ್ತಿದ್ದು ಓದಿದರೆ ಒಂದು ಅಂಕಿಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಜೋಜಿಲಾದ ಟ್ಯಾಂಕುಗಳ ಮಾದರಿಯನ್ನು ಸ್ಪಷ್ಟವಾಗಿ ಹೆಸರಿಸುವ ಬರಹಗಳು ಸ್ಟುವರ್ಟ್ 6, ಇಲ್ಲವೇ ಎಂ5ಎ1 ಅನ್ನುತ್ತವೆ. ಬಾಕಿ ಎಷ್ಟೋ ಕಡೆ ಬರೀ ಸ್ಟುವರ್ಟ್ ಅಂತ ಬರೆದು ಪಕ್ಕದಲ್ಲಿ ಆಫ್ರಿಕಾದ ಮರುಭೂಮಿಯ ಎಂ3 ಫೋಟೋ ಹಾಕಿರುತ್ತಾರೆ. ಗೆಳೆಯನ ಕಣ್ಣಿಗೆ ಬಿದ್ದಿದ್ದು ಅಂಥದ್ದೇ.

ಹೆಸರು ಸಿಕ್ಕಿತು ಅಂತ ನಾವು ಅಲ್ಲಿಗೆ ನಿಲ್ಲಿಸಲಿಲ್ಲ. ಜೋಜಿಲಾದ ಆಗಿನ ಫೋಟೋ ಜೊತೆ ತಾಳೆ ನೋಡಲೇಬೇಕು. ಫೋಟೋ ಕೆಳಗಿನ ಬರಹವನ್ನು ಬೆರಳಿಂದ ಮುಚ್ಚಿ ನೋಡು ಅಂತ ಗೆಳೆಯನಿಗೆ ಹೇಳಿದೆ. ಯಾಕೆಂದರೆ ಅದನ್ನು ಓದಿದ ಮೇಲೆ ಕಣ್ಣು ಅದನ್ನೇ ಹುಡುಕುತ್ತದೆ.

ಮೊದಲು ಮೂತಿ ನೋಡಬೇಕು. ಎಂ3, ಎಂ3ಎ1ಗಳಲ್ಲಿ ಮುಂಭಾಗ ಮೆಟ್ಟಿಲಿನ ಹಾಗೆ ಇರುತ್ತದೆ. ಕೆಳಗೆ ಓರೆ ತಗಡು, ಅದರ ಮೇಲೆ ಹೆಚ್ಚುಕಮ್ಮಿ ನೆಟ್ಟಗೆ ನಿಂತ ಡ್ರೈವರ್ ತಗಡು, ಅದರಲ್ಲಿ ತೆರೆಯುವ ಬಾಗಿಲು. ಎಂ5ರಲ್ಲಿ ಮೂತಿಯಿಂದ ನೆತ್ತಿವರೆಗೆ ಒಂದೇ ಓರೆ. ಡ್ರೈವರ್ ಒಳಗೆ ಇಳಿಯುವ ಬಾಗಿಲುಗಳು ಹಲ್‌ನ (ಟರೆಟ್ ಕೆಳಗಿನ ಟ್ಯಾಂಕಿನ ಒಡಲಿನ) ನೆತ್ತಿಯ ಮೇಲಿವೆ. ಹಿಮದಲ್ಲಿ ಎದುರಿಂದ ತೆಗೆದ ಫೋಟೋದಲ್ಲಿ ಇದೊಂದು ಕಂಡರೂ ಎಂ3, ಎಂ3ಎ1 ಎರಡೂ ಪಟ್ಟಿಯಿಂದ ಹೊರಗೆ ಹೋಗುತ್ತವೆ. ನಾವು ನೋಡಿದ್ದರಲ್ಲಿ ಆ ಒಂದೇ ಓರೆ ಚೆನ್ನಾಗಿಯೇ ಕಾಣುತ್ತಿತ್ತು.

ಆಮೇಲೆ ಬೆನ್ನು. ಕ್ಯಾಡಿಲಾಕ್ ಇಂಜಿನ್‌ಗಳು, ಅವುಗಳ ರೇಡಿಯೇಟರ್ ಎಲ್ಲ ಹಿಡಿಯಬೇಕು ಅಂತ ಎಂ5ರ ಹಿಂಭಾಗದ ಡೆಕ್ಕನ್ನು, ಅಂದರೆ ಇಂಜಿನ್ ಮೇಲಿನ ಮುಚ್ಚಿಗೆಯನ್ನು, ಏರಿಸಿದ್ದಾರೆ. ಪಕ್ಕದಿಂದ ನೋಡಿದರೆ ಟರೆಟ್ ಹಿಂದೆ ಒಂದು ದಿಬ್ಬ ಕಾಣುತ್ತದೆ. ಎಂ3 ಸಾಲಿನ ಯಾವುದರಲ್ಲೂ ಈ ದಿಬ್ಬ ಇಲ್ಲ. ನನ್ನ ಪ್ರಕಾರ ಇಡೀ ಕುಟುಂಬದಲ್ಲಿ ಅತ್ಯಂತ ನಂಬಬಹುದಾದ ಗುರುತು ಇದೇ. ಯಾಕೆಂದರೆ ಇದು ಇಂಜಿನ್ ಜೊತೆಗೆ ಹುಟ್ಟಿದ್ದು, ಯಾವ ವರ್ಕ್‌ಶಾಪಿನಲ್ಲೂ ಇದನ್ನು ತೆಗೆದು ಇನ್ನೊಂದು ಹಾಕಲಿಕ್ಕೆ ಆಗೋದಿಲ್ಲ.

ಮೂರನೆಯದು ಟ್ರ್ಯಾಕ್ ಮೇಲೆ ಚಾಚಿಕೊಂಡ ಹಲ್‌ನ ಪಕ್ಕೆ. ಎಂ5ಎ1ರಲ್ಲಿ ಅದು ನೆಟ್ಟಗಿದೆ, ಎಂ3ಎ3ರಲ್ಲಿ ಒಳಕ್ಕೆ ಓರೆಯಾಗಿದೆ. ಮೂತಿ ಎರಡರಲ್ಲೂ ಓರೆ, ಟರೆಟ್ ಎರಡರಲ್ಲೂ ಒಂದೇ ಥರ. ಹಾಗಾಗಿ ಹಿಂಭಾಗ ಫೋಟೋದಲ್ಲಿ ಬಾರದೇ ಇದ್ದಾಗ ಇವೆರಡನ್ನು ಬೇರೆ ಮಾಡಲಿಕ್ಕೆ ಪಕ್ಕೆಯೇ ಗತಿ.

ಚಕ್ರ, ಟ್ರ್ಯಾಕ್ ನೋಡಿ ಮಾದರಿ ಹೇಳುವವರು ಬಹಳ ಜನ ಇದ್ದಾರೆ. ನಾನು ಅದನ್ನು ಒಪ್ಪೋದಿಲ್ಲ. ಕಡ್ಡಿ ಚಕ್ರ ಇತ್ತಾ, ತಟ್ಟೆ ಚಕ್ರ ಇತ್ತಾ ಅನ್ನೋದು ಕಾರ್ಖಾನೆಯಿಂದ ಹೊರಬಂದ ದಿನಕ್ಕೆ ಸರಿ. 1948ರ ಹೊತ್ತಿಗೆ ಈ ಟ್ಯಾಂಕುಗಳು ಸಾಕಷ್ಟು ಓಡಿ ರಿಪೇರಿ ಕಂಡವು. ರಬ್ಬರ್ ಸವೆದರೆ ಚಕ್ರ ಬದಲಾಗುತ್ತದೆ, ಸ್ಟೋರ್‌ನಲ್ಲಿ ಇದ್ದದ್ದನ್ನು ಹಾಕುತ್ತಾರೆ, ಒಂದೇ ಟ್ಯಾಂಕಿನಲ್ಲಿ ಎರಡು ಥರದ ಚಕ್ರವೂ ಇರಬಹುದು. ಟ್ರ್ಯಾಕಿನದ್ದೂ ಅದೇ ಕತೆ, ರಬ್ಬರ್ ಪಟ್ಟಿಯದ್ದು ಬಿಚ್ಚಿ ಉಕ್ಕಿನದ್ದು ಹಾಕಬಹುದು. ಫೋಟೋದಲ್ಲಿ ಕಂಡದ್ದನ್ನು ಹಾಗೇ ಕಟ್ಟಿ. ಅದರಿಂದ ಮಾದರಿ ಯಾವುದು ಅಂತ ಮಾತ್ರ ತೀರ್ಮಾನ ಮಾಡಬೇಡಿ.

ಆದರೆ ಚಕ್ರದಿಂದ ಬೇರೆ ಉಪಯೋಗ ಇದೆ, ಅದು ಒಳ್ಳೆಯ ಅಳತೆಗೋಲು. ಸ್ಟುವರ್ಟಿನ ನೆಲದ ಚಕ್ರದ ವ್ಯಾಸ 20 ಇಂಚು. 1/35ರಲ್ಲಿ ಅದು 14.5 ಮಿ.ಮೀ. ಫೋಟೋ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಒಂದು ಚಕ್ರದ ಎತ್ತರ ಎಷ್ಟು ಮಿಲಿಮೀಟರ್ ಅಂತ ಅಳೆದುಕೊಂಡರೆ, ಅದರ ಆಸುಪಾಸಿನ ಭಾಗಗಳ ಅಳತೆ ಲೆಕ್ಕ ಹಾಕಬಹುದು. ಎತ್ತರವನ್ನೇ ಅಳೆಯಬೇಕು, ಅಗಲವನ್ನಲ್ಲ. ಓರೆಯಿಂದ ತೆಗೆದ ಫೋಟೋದಲ್ಲಿ ಚಕ್ರ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ, ಆದರೆ ಎತ್ತರ ಅಷ್ಟಾಗಿ ಕೆಡೋದಿಲ್ಲ. ಕ್ಯಾಮೆರಾಕ್ಕೆ ಹತ್ತಿರದ ಚಕ್ರದಿಂದ ದೂರದ ಟರೆಟ್ ಅಳೆಯಲಿಕ್ಕೆ ಹೋಗಬೇಡಿ, ಲೆಕ್ಕ ತಪ್ಪುತ್ತದೆ. ಒಂದೇ ಸಾಲಿನಲ್ಲಿರುವ ಪಕ್ಕೆ, ಫೆಂಡರ್, ಡೆಕ್ಕಿನ ಏರು ಇಷ್ಟಕ್ಕೆ ಸಾಕು.

ಗೆಳೆಯ ಆಗ ಕೇಳಿದ, ತಂದ ಕಿಟ್ಟನ್ನೇ ಸ್ವಲ್ಪ ತಿದ್ದಿ ಎಂ5 ಮಾಡಲಿಕ್ಕೆ ಆಗೋದಿಲ್ವಾ ಅಂತ. ಆಗೋದಿಲ್ಲ. ಎಂ3ರ ಉದ್ದ 4.53 ಮೀಟರ್, ಎಂ5ಎ1ರದ್ದು 4.84. ಮಾಡೆಲಿನಲ್ಲಿ 12.9 ಸೆಂ.ಮೀ. ಮತ್ತು 13.8 ಸೆಂ.ಮೀ. ಮೂತಿ ಬೇರೆ, ಬೆನ್ನು ಬೇರೆ, ನೆತ್ತಿ ಬೇರೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಎಲ್ಲವನ್ನೂ ಹೊಸದಾಗಿ ಮಾಡೋ ಕಷ್ಟಕ್ಕೆ ಸರಿಯಾದ ಕಿಟ್ ತರಿಸೋದೇ ಲೇಸು. ತಾಮಿಯಾದವರದ್ದು ಎಂ5ಎ1 ಇದೆ. ಎಎಫ್‌ವಿ ಕ್ಲಬ್‌ನವರು ಎಂ5ಎ1ರ ಮೊದಲ ರೂಪ, ಕೊನೆಯ ರೂಪ ಎರಡನ್ನೂ ಬೇರೆ ಬೇರೆ ಕಿಟ್ ಆಗಿ ಕೊಟ್ಟಿದ್ದಾರೆ.

ನಿಜವಾದ ತೊಡಕು ಬಂದದ್ದು ಇಲ್ಲೇ. ಮೊದಲ ರೂಪವೋ, ಕೊನೆಯದೋ? ಎಂ5ಎ1ರ ಟರೆಟ್‌ನ ಬಲಬದಿಯಲ್ಲಿ ವಿಮಾನಗಳಿಗೆ ಗುರಿಯಿಡುವ ಮೆಷಿನ್ ಗನ್ ಹಿಡಿಯುವ ಕಂಬ ಇದೆ. ಮೊದಮೊದಲ ಟ್ಯಾಂಕುಗಳಲ್ಲಿ ಅದು ತೆರೆದೇ ಇರುತ್ತದೆ. ಆಮೇಲಿನವುಗಳಲ್ಲಿ ಅದಕ್ಕೆ ಉಕ್ಕಿನ ತಗಡಿನ ಗೂಡು ಕಟ್ಟಿ, ಗನ್ ಮಡಚಿ ಒಳಗೆ ಇಡುವ ಹಾಗೆ ಮಾಡಿದರು. ಹಲ್‌ನ ಹಿಂಬದಿಗೆ ಸಾಮಾನು ತುಂಬುವ ತಗಡಿನ ಪೆಟ್ಟಿಗೆಯೂ ಕೊನೆಯ ರೂಪದ್ದೇ. ನಮ್ಮ ಕೈಲಿದ್ದ ಪ್ರಿಂಟ್‌ನಲ್ಲಿ ಬಲಬದಿ ನೆರಳಲ್ಲಿತ್ತು, ಹಿಂಬದಿ ಬಂದಿರಲೇ ಇಲ್ಲ.

ಇಂಥ ಕಡೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕಿಟ್ ಹೇಗಿದೆಯೋ ಹಾಗೆ ಕಟ್ಟಿಬಿಡುತ್ತಾರೆ, ಇಲ್ಲವೇ ಇನ್ನೊಂದು ಫೋಟೋ ಸಿಗಲಿ ಅಂತ ಕಾಯುತ್ತ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾರೆ. ನನಗೆ ಎರಡೂ ಹಿಡಿಸೋದಿಲ್ಲ. ಯಾವ ದೃಶ್ಯಕ್ಕೆ ನಮ್ಮ ಹತ್ತಿರ ಗಟ್ಟಿ ಆಧಾರ ಇದೆಯೋ ಆ ದೃಶ್ಯವನ್ನು ಆರಿಸಿಕೊಳ್ಳಬೇಕು. ಟ್ಯಾಂಕಿನ ಚರಿತ್ರೆಯಲ್ಲಿ ನವೆಂಬರ್ 1 ಒಂದೇ ದಿನ ಅಲ್ವಲ್ಲ.

ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಆ ಯುದ್ಧದ ಅಧಿಕೃತ ಇತಿಹಾಸವನ್ನು 1987ರಲ್ಲಿ ಹೊರತಂದಿದೆ. ಮೊದಲು ಓದಬೇಕಾದದ್ದು ಅಂಥದ್ದು, ಮಾಡೆಲ್ ಮಾಡುವವರ ಬರಹ ಆಮೇಲೆ. ಟ್ಯಾಂಕಿನ ಪ್ರಯಾಣ ಓದುತ್ತ ಹೋದ ಹಾಗೆ ನಮಗೆ ಬೇಕಾದ್ದು ದಾಳಿಗಿಂತ ಮುಂಚಿನ ವಾರಗಳಲ್ಲಿದೆ ಅಂತ ಗೊತ್ತಾಯಿತು. ಟರೆಟ್ ಬಿಚ್ಚಿದ ಸ್ಟುವರ್ಟ್ ಬಾಲ್ತಾಲ್ ಕಡೆ ಹೋಗುತ್ತಿದೆ, ಸ್ಯಾಪರ್‌ಗಳು ಸೇತುವೆಗೆ ಮರದ ದಿಮ್ಮಿ ಕೊಡುತ್ತಿದ್ದಾರೆ. ಟರೆಟ್ಟೇ ಇಲ್ಲದ ಮೇಲೆ ಬಲಬದಿಯ ಗೂಡಿನ ಪ್ರಶ್ನೆ ಏಳೋದಿಲ್ಲ. ಮೇಲೆ ಉಳಿಯುವ ದುಂಡಗಿನ ರಂಧ್ರಕ್ಕೆ ಟಾರ್ಪಾಲ್ ಮುಚ್ಚಿದರಾಯಿತು. ಹಿಂಬದಿಯಲ್ಲಿ ಸುತ್ತಿದ ಬಲೆ, ಹಗ್ಗ, ಕಂಬಳಿ ಮೂಟೆ ಕಟ್ಟಿದರೆ ಪೆಟ್ಟಿಗೆ ಇತ್ತೋ ಇಲ್ಲವೋ ಅನ್ನೋದೂ ಅಡ್ಡ ಬರೋದಿಲ್ಲ. ಉಳಿದದ್ದು ಮೂತಿ, ಪಕ್ಕೆ, ಏರಿದ ಬೆನ್ನು. ಅವು ಮೂರೂ ನಮಗೆ ಖಚಿತವಾಗಿ ಗೊತ್ತಿರುವವು.

ಇನ್ನೊಂದು ಕಾರಣವೂ ಇತ್ತು. ಮಾಡೆಲ್ ನೋಡುವವರು ಸ್ಯಾಪರ್. ದಾಳಿಯ ದೃಶ್ಯ ಕಟ್ಟಿದ್ದರೆ ಅವರ ದಳದ ಕೆಲಸ ಹಿಮದ ಕೆಳಗೆ ಹೋಗುತ್ತಿತ್ತು. ಇಲ್ಲಿ ಅವರವರೇ ಎದುರಿಗೆ ಇರುತ್ತಾರೆ. ಗೆಳೆಯನಿಗೆ ಇದನ್ನು ಹೇಳಿದಾಗ ಮೊದಲು ಮುಖ ಸಪ್ಪೆಯಾಯಿತು. "ತೋಪೇ ಇಲ್ಲದ ಟ್ಯಾಂಕ್ ಕೊಟ್ರೆ ಅಪ್ಪಯ್ಯ ಎಂತ ಹೇಳ್ತಾರೆ?" ಅಂದ. ಮನೆಗೆ ಹೋಗಿ, ಗುಟ್ಟು ಬಿಡದೆ, ಟ್ಯಾಂಕ್ ಸಾಗಿಸಿದ ಕತೆಯನ್ನೊಮ್ಮೆ ಅವರಿಂದ ಹೇಳಿಸು ಅಂದೆ. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸೇತುವೆ, ದಾರಿ, ಬಂಡೆ ಒಡೆದದ್ದೇ ಇತ್ತು. ಅಲ್ಲಿಗೆ ತಕರಾರು ಮುಗಿಯಿತು.

ಕಟ್ಟುವ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಣ್ಣ ಆಲಿವ್ ಡ್ರ್ಯಾಬ್, ಅಮೆರಿಕದ ಕಾರ್ಖಾನೆಯಿಂದ ಬಂದ ಬಣ್ಣ. ಅದರ ಮೇಲೆ ಧೂಳು, ಕೆಸರು. ನಮ್ಮ ಕಡೆ ಮಾಡೆಲ್ ಕಟ್ಟುವವರಿಗೆಲ್ಲ ಒಂದು ಅಭ್ಯಾಸ ಇದೆ, ಅಂಗಳದ ಕೆಂಪು ಮಣ್ಣನ್ನು ಜರಡಿ ಹಿಡಿದು ಟ್ರ್ಯಾಕ್‌ಗೆ ಬಳಿಯೋದು. ಮಲೆನಾಡಿನ ದೃಶ್ಯಕ್ಕೆ ಅದು ಚಂದ. ಸೋನಾಮಾರ್ಗ್ ದಾರಿಗೆ ಕೆಂಪು ಮಣ್ಣು ಬಂದರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿಯದ್ದು ಹೊಳೆಕಲ್ಲು, ಬೂದು ಕಂದು ಬಣ್ಣದ ಮಣ್ಣು. ನಾವು ತುಂಗಾ ಹೊಳೆಯ ಮರಳನ್ನು ತೊಳೆದು ಒಣಗಿಸಿ, ಒಲೆಯ ಬೂದಿ ಬೆರೆಸಿಕೊಂಡೆವು. ಎಲೆ ಉದುರಿದ ಗಿಡಗಳಿಗೆ ಒಣಗಿದ ಅಡಿಕೆ ಸಿಂಗಾರದ ಎಳೆಗಳು. ಅದರ ಕವಲು ಎಷ್ಟು ಸಣ್ಣದಾಗಿ ಹೋಗುತ್ತದೆ ಅಂದರೆ ದುಡ್ಡು ಕೊಟ್ಟು ತರಿಸಿದ ವೈರಿನಲ್ಲೂ ಅಂಥದ್ದು ಬರೋದಿಲ್ಲ. ಸೇತುವೆ ದಿಮ್ಮಿಗೆ ಕಾಫಿ ಗಿಡದ ಕಡ್ಡಿ ತೊಗಟೆ ಸುಲಿದು ಬಳಸಿದೆವು.

ಮಳೆಗಾಲದಲ್ಲಿ ಬಣ್ಣ ಹೊಡೆಯುವವರಿಗೆ ಒಂದು ಮಾತು. ಆಗುಂಬೆ ಇರೋದು ತೀರ್ಥಹಳ್ಳಿ ತಾಲ್ಲೂಕಿನಲ್ಲೇ, ಜುಲೈನಲ್ಲಿ ಅಲ್ಲಿನ ಗಾಳಿ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಲ್ಯಾಕರ್ ಬಣ್ಣ ಏರ್‌ಬ್ರಷ್‌ನಿಂದ ಹೊರಬಂದು ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಮಬ್ಬಾದ ಕಡೆ ತಿಕ್ಕಿ ಮತ್ತೆ ಹೊಡೆಯಬೇಕು. ಹಾಗಾಗಿ ಮಳೆಯ ತಿಂಗಳುಗಳಲ್ಲಿ ಹುಡುಕಾಟ, ಅಳತೆ, ಅಂಟಿಸೋ ಕೆಲಸ ಇಟ್ಟುಕೊಳ್ಳಿ, ಬಣ್ಣ ದೀಪಾವಳಿ ಹೊತ್ತಿಗೆ. ನಾವು ಮಾಡಿದ್ದು ಹಾಗೇ.

ಅಪ್ಪಯ್ಯ ನೋಡಿದಾಗ ಅವರ ಮೊದಲ ಪ್ರಶ್ನೆ ಟ್ಯಾಂಕಿನದ್ದಾಗಿರಲಿಲ್ಲ, ಸೇತುವೆಯ ದಿಮ್ಮಿಗಳಿಗೆ ಕಟ್ಟಿದ ಹಗ್ಗದ ಗಂಟಿನದ್ದು. ಗಂಟು ಹೀಗಲ್ಲ ಅಂತ ಹೇಳಿ, ಸೆಣಬಿನ ಹುರಿ ತರಿಸಿ ಸರಿಯಾದದ್ದನ್ನು ಕಟ್ಟಿ ತೋರಿಸಿದರು. ಈಗ ಎಲ್ಲ ಗಂಟೂ ಬಿಚ್ಚಿ, ಅವರು ಹೇಳಿದ ಹಾಗೆ ದಾರದಲ್ಲಿ ಮತ್ತೆ ಹಾಕಿದ್ದೇವೆ.

ಇನ್ನು ಉಳಿದದ್ದು ಮೊದಲು ತಂದ ಎಂ3 ಕಿಟ್. ಅದಕ್ಕೂ ಇದೇ ರೆಜಿಮೆಂಟಿನಲ್ಲಿ ಜಾಗ ಇದೆ ಅಂತ ಹುಡುಕುವಾಗಲೇ ಗೊತ್ತಾಗಿತ್ತು. 1942ರ ಫೆಬ್ರವರಿಯಲ್ಲಿ ಬ್ರಿಟಿಷರ 7ನೇ ಹುಸ್ಸಾರ್ಸ್ ಎಂ3 ಸ್ಟುವರ್ಟ್‌ಗಳ ಜೊತೆ ರಂಗೂನಿಗೆ ಇಳಿದರು. ಬರ್ಮಾದಿಂದ ಹಿಂದೆ ಸರಿಯುವಾಗ ಚಿಂದ್ವಿನ್ ಹೊಳೆ ದಾಟಿಸಲಿಕ್ಕೆ ಆಗದೆ ಬಹುತೇಕ ಎಲ್ಲ ಟ್ಯಾಂಕುಗಳನ್ನೂ ಕೆಡಿಸಿ ಬಿಟ್ಟುಬರಬೇಕಾಯಿತು. ದಾಟಿದ್ದು 'ಕರ್ಸ್ ಆಫ್ ಸ್ಕಾಟ್ಲೆಂಡ್' ಅನ್ನುವ ಹೆಸರಿನ ಒಂದೇ ಟ್ಯಾಂಕ್. ಮುಂದೆ ಅದರ ಟರೆಟ್ ತೆಗೆದು 7ನೇ ಲೈಟ್ ಕ್ಯಾವಲ್ರಿಯ ಕಮಾಂಡ್ ಟ್ಯಾಂಕ್ ಮಾಡಿಕೊಂಡರು, ಅದು ಅವರ ಜೊತೆ ಮತ್ತೆ ಬರ್ಮಾಕ್ಕೆ ಹೋಯಿತು. ಒಂದೇ ರೆಜಿಮೆಂಟ್, ಟರೆಟ್ ಇಲ್ಲದ ಎರಡು ಸ್ಟುವರ್ಟ್, ಒಂದು ಎಂ3, ಇನ್ನೊಂದು ಎಂ5ಎ1. ಫೋಟೋ ಕೆಳಗೆ ಬರೀ 7ನೇ ಕ್ಯಾವಲ್ರಿ ಅಂತ ಇದ್ದರೆ ಬೆನ್ನಿನ ದಿಬ್ಬ ನೋಡದೆ ಯಾವುದು ಯಾವುದು ಅಂತ ಹೇಳಲಿಕ್ಕೆ ಆಗೋದಿಲ್ಲ.

ಇದರಲ್ಲೂ ಟರೆಟ್ ರಿವೆಟ್ ಹೊಡೆದದ್ದೋ ದುಂಡಗಿನದೋ ಅನ್ನುವ ತಲೆನೋವಿಲ್ಲ. ನೋಡಬೇಕಾದದ್ದು ಹಲ್. 1942ರ ಫೆಬ್ರವರಿಗೇ ರಂಗೂನ್ ಮುಟ್ಟಿದ ಟ್ಯಾಂಕ್ ಅಮೆರಿಕದಲ್ಲಿ ತಯಾರಾದದ್ದು 1941ರಲ್ಲಿ. ಅಂದರೆ ಹಲ್ ರಿವೆಟ್‌ನದ್ದೇ ಆಗಿರಬೇಕು, ಆಮೇಲೆ ಬಂದ ವೆಲ್ಡಿಂಗ್ ಹಲ್ ಅಲ್ಲ. ಪೆಟ್ಟಿಗೆ ತೆರೆದು ಸ್ಪ್ರೂಗಳನ್ನು, ಅಂದರೆ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು, ಬೆಳಕಿಗೆ ಹಿಡಿದು ನೋಡಿದೆವು. ಮೂತಿಯಲ್ಲೂ ಪಕ್ಕೆಯಲ್ಲೂ ರಿವೆಟ್ ಸಾಲು ಇದೆ. ಗೆಳೆಯ ಅದನ್ನು ವಾಪಸ್ ತೆಗೆದುಕೊಂಡು ಹೋಗಿದ್ದಾನೆ, ಈ ಸಲ ಅವನೇ ಕಟ್ಟುತ್ತಾನಂತೆ.